ಗುಡ್ಡದ ಸೀತಾಫಲ, ಹುತ್ತದ ಅಣಬೆ

ದಸರೆಯ ಹೊತ್ತಿಗೆ ಚಿತ್ರದುರ್ಗದ ಸೀಮೆಗೆ ಬಂದವರು ಕೋಟೆಯನ್ನಷ್ಟೇ ನೋಡಿ ಹೋಗಬಾರದು, ಸೀತಾಫಲ ತಿಂದು ಹೋಗಬೇಕು. ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ, ಹೊಳಲ್ಕೆರೆ, ಹೊಸದುರ್ಗದ ಕಡೆಯ ಕಲ್ಲುಗುಡ್ಡಗಳಲ್ಲಿ ಅದನ್ನು ನೆಟ್ಟವರಿಲ್ಲ, ನೀರೆರೆದವರಿಲ್ಲ. ಎಲೆಗೆ ಆಡು ಕೂಡ ಬಾಯಿ ಹಾಕದ್ದರಿಂದ ಗಿಡ ಉಳಿದುಕೊಂಡಿದೆ. ಅಮೆರಿಕ ಖಂಡದ ಉಷ್ಣ ನಾಡುಗಳಿಂದ ಬಂದ ಹಣ್ಣು ಈ ಬರದ ನೆಲಕ್ಕೆ ಇಷ್ಟು ಒಗ್ಗಿಕೊಂಡದ್ದು ನನಗೆ ಸದಾ ಸೋಜಿಗ.

ಆರಿಸುವುದೇ ಒಂದು ವಿದ್ಯೆ. ಕಾಯಿಯ ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಕೆನೆಬಣ್ಣಕ್ಕೆ ತಿರುಗಿದರೆ ಅದು ಬಲಿತಿದೆ. ಹುಲ್ಲಿನಲ್ಲಿ ಮುಚ್ಚಿಟ್ಟರೆ ಕೆಲವೇ ದಿನಕ್ಕೆ ಹಣ್ಣು. ಬಲಿಯದ ಕಾಯಿ ಕಪ್ಪಾಗಿ ಗಟ್ಟಿಯಾಗುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸಹನ್’ ತಳಿ ದಪ್ಪ, ಬೀಜ ಕಡಿಮೆ, ಬಹಳ ಸಿಹಿ. ಆದರೂ ಗುಡ್ಡದ ಹಣ್ಣಿನ ಮರಳುಮರಳಾದ ತಿರುಳು, ಆ ಘಮ ಅದಕ್ಕಿಲ್ಲ ಎಂಬುದು ನನ್ನ ನಾಲಿಗೆಯ ತೀರ್ಪು.

ಈ ಸೀಮೆಯ ಇನ್ನೊಂದು ರುಚಿ, ಮಳೆ ಬಿದ್ದು ಬಿಸಿಲು ಬಂದರೆ ಏಳುವ ಹುತ್ತದ ಅಣಬೆ. ಗೆದ್ದಲು ನೆಲದೊಳಗೆ ಸಾಕುವ ಶಿಲೀಂಧ್ರ ಅದು. ಬೇರಿನಂಥ ಕಾಂಡ ಗೂಡಿನವರೆಗೂ ಇಳಿದಿರುತ್ತದೆ, ಟೋಪಿಯ ನಡುವೆ ಮೊನೆ. ಟೋಪಿಯನ್ನು ಬಿಳಿ ಹಾಳೆಯ ಮೇಲೆ ರಾತ್ರಿಯಿಡೀ ಕವುಚಿಟ್ಟರೆ ತಿಳಿಗುಲಾಬಿ ಪುಡಿ ಉದುರುತ್ತದೆ. ಹಸಿರು ಪುಡಿ ಬಿದ್ದರೆ ಅದು ಹುಲ್ಲುನೆಲದ ವಿಷದಣಬೆ. ಗುಲಾಬಿ ಪುಡಿಯೊಂದೇ ಸಾಲದು, ಎಲ್ಲ ಗುರುತೂ ಕೂಡಬೇಕು. ಅರಿಸಿನ, ಬೆಳ್ಳಿ ಚಮಚದ ಪರೀಕ್ಷೆಗಳನ್ನು ನಂಬಬೇಡಿ. ಬಲ್ಲ ಹಿರಿಯರು ನೋಡಿ ಹೇಳದ ಅಣಬೆಯನ್ನು ಒಲೆಗೆ ಏರಿಸಬೇಡಿ.