ಮಾತು ಕಳೆದವರ ಪರೀಕ್ಷೆ: ಯಾರ ಕನ್ನಡದಲ್ಲಿ?

ಮಿದುಳಿನ ಎಡ ಗೋಳಾರ್ಧದ ಚಿತ್ರ. ಮುಂಭಾಗದಲ್ಲಿ ಒಂದು ಗುರುತು, ಬ್ರೋಕಾ ವಲಯ. ಕಿವಿಯ ಮೇಲ್ಭಾಗಕ್ಕೆ ತುಸು ಹಿಂದೆ ಇನ್ನೊಂದು, ವರ್ನಿಕೆ ವಲಯ. ಎರಡನ್ನೂ ಕೂಡಿಸುವ ಒಂದು ಬಾಣ. ಮೊದಲನೆಯದು ಮಾತನಾಡಲು, ಎರಡನೆಯದು ಮಾತನ್ನು ಅರಿಯಲು. ವಿದ್ಯಾರ್ಥಿಯಾಗಿದ್ದರೆ ನೀವು ಈ ಚಿತ್ರವನ್ನು ಬಿಡಿಸಿರುತ್ತೀರಿ. ಶಿಕ್ಷಕರಾಗಿದ್ದರೆ ಕರಿಹಲಗೆಯ ಮೇಲೆ ವಿವರಿಸಿರುತ್ತೀರಿ. ಚಿತ್ರ ಸುಳ್ಳಲ್ಲ. ಆದರೆ ಇದನ್ನು ಹಿಡಿದು ರಾಯಚೂರು ಜಿಲ್ಲೆಯ ಒಬ್ಬ ರೋಗಿಯ ಹಾಸಿಗೆಯ ಬಳಿ ನಿಂತರೆ ಅದು ಎಷ್ಟು ನೆರವಾದೀತು? ಅದನ್ನು ಪರಿಶೀಲಿಸೋಣ.

ಚಿತ್ರ ಬಂದ ಬಗೆ

1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ, ಲೆಬೋರ್ಞ್ ಎಂಬ ರೋಗಿಯ ಮಿದುಳನ್ನು ಆತನ ಮರಣಾನಂತರ ಪರೀಕ್ಷಿಸಿದರು. ಬದುಕಿದ್ದಾಗ ಆತನ ಬಾಯಿಂದ ಹೊರಡುತ್ತಿದ್ದುದು ಹೆಚ್ಚುಕಡಿಮೆ 'ಟಾನ್' ಎಂಬ ಒಂದೇ ಸದ್ದು. ಎಡ ಮುಂಪಾಲಿಯಲ್ಲಿ ಹಾನಿ ಕಂಡಿತು. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ ಇನ್ನೊಂದು ಬಗೆಯ ರೋಗಿಗಳನ್ನು ವರ್ಣಿಸಿದರು. ಇವರ ಮಾತು ಸರಾಗ, ಆದರೆ ಅರ್ಥವಿಲ್ಲ. ಇತರರ ಮಾತೂ ಇವರಿಗೆ ತಿಳಿಯದು. ಹಾನಿ ಇದ್ದುದು ಎಡ ಕಪೋಲ ಪಾಲಿಯಲ್ಲಿ.

ಲೆಬೋರ್ಞ್‌ನ ಮಿದುಳನ್ನು ಕೊಯ್ಯದೆ ಸಂರಕ್ಷಿಸಲಾಗಿತ್ತು. 2007ರಲ್ಲಿ ನೀನಾ ಡ್ರೊಂಕರ್ಸ್ ಮತ್ತು ಸಂಗಡಿಗರು ಅದರ ಎಂಆರ್‌ಐ ಚಿತ್ರಣ ಮಾಡಿದಾಗ, ಹಾನಿ ಹೊರಪದರವನ್ನು ದಾಟಿ ಒಳಗಿನ ನರತಂತುಗಳ ಕಟ್ಟುಗಳನ್ನೂ ತಲುಪಿತ್ತು. ಎಂದರೆ ಭಾಷೆ ಎರಡು ಕೋಣೆಗಳ ಕೆಲಸವಲ್ಲ. ಹಲವು ವಲಯಗಳೂ ಅವನ್ನು ಬೆಸೆಯುವ ದಾರಿಗಳೂ ಕೂಡಿದ ಜಾಲದ ಕೆಲಸ.

ಬಲಗೈ ಬಳಸುವವರಲ್ಲಿ ಸುಮಾರು 95% ಮಂದಿಗೆ, ಎಡಗೈಯವರಲ್ಲಿ ಸುಮಾರು 70% ಮಂದಿಗೆ ಭಾಷೆಯ ಮುಖ್ಯ ಹೊಣೆ ಎಡ ಗೋಳಾರ್ಧದ್ದು. ಎಡ ಮಿದುಳೇ ದೇಹದ ಬಲಭಾಗವನ್ನು ನಿಯಂತ್ರಿಸುತ್ತದೆ. ಆದ್ದರಿಂದಲೇ ನಮ್ಮ ಕಡೆ 'ಲಕ್ವ ಹೊಡೀತು' ಎನ್ನುವಾಗ, ಬಲಗೈ ಬಲಗಾಲು ಬಿದ್ದವರಲ್ಲಿ ಮಾತೂ ಹೋಗಿರುವುದು ಹೆಚ್ಚು. ಮಿದುಳಿನ ಗಾಯದಿಂದ ಬಂದ ಈ ಭಾಷಾನಷ್ಟಕ್ಕೆ ಅಫೇಸಿಯಾ ಎಂದು ಹೆಸರು. ನಾಲಿಗೆಯ ಸ್ನಾಯುಗಳ ದೌರ್ಬಲ್ಯದಿಂದ ಮಾತು ತೊದಲುವುದು ಬೇರೆ. ಬುದ್ಧಿಭ್ರಮಣೆ ಇನ್ನೂ ಬೇರೆ.

ಚಿತ್ರ ಹೇಳದ ಸಂಗತಿ

ಬ್ರೋಕಾ ಮತ್ತು ವರ್ನಿಕೆ ವಿವರಿಸಿದ ರೋಗಿಗಳನ್ನು ನಾವು ಒಂದೇ ಭಾಷೆಯವರೆಂಬಂತೆ ಪಾಠ ಮಾಡುತ್ತೇವೆ. ರಾಯಚೂರಿನಲ್ಲಿ ಅಂಥ ರೋಗಿಯನ್ನು ಹುಡುಕಬೇಕು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರಿದು. ಸಂತೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕೇಳಿಸುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಕಡೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಬೆಳೆದವು. ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಇಲ್ಲಿ ಮಿದುಳಿಗೆ ಪೆಟ್ಟು ಬಿದ್ದರೆ ಹೋಗುವುದು ಯಾವ ಭಾಷೆ, ಮೊದಲು ಮರಳುವುದು ಯಾವುದು?

ಈ ಪ್ರಶ್ನೆ ಹಳೆಯದು. ಮೊದಲು ಕಲಿತ ಭಾಷೆ ಉಳಿಯುತ್ತದೆ ಎಂಬ ವಾದವನ್ನು ಫ್ರಾನ್ಸಿನ ರಿಬೋ ಹೆಸರಿನೊಡನೆ, ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂಬುದನ್ನು 1895ರ ಪಿತ್ರ್ ಬರಹದೊಡನೆ ಸೇರಿಸಿ ಹೇಳುವುದುಂಟು. ಮುಂದೆ ಸಿಕ್ಕ ರೋಗಿಗಳು ಎರಡು ನಿಯಮಗಳನ್ನೂ ಮುರಿದರು. ಹಲವರಲ್ಲಿ ಎಲ್ಲ ಭಾಷೆಗಳೂ ಸಮನಾಗಿ ಸುಧಾರಿಸುತ್ತವೆ. ಕೆಲವರಲ್ಲಿ ಒಂದು ಮಾತ್ರ. ಆದ್ದರಿಂದ ಒಂದೇ ಭಾಷೆಯಲ್ಲಿ ಪರೀಕ್ಷಿಸಿ 'ಮಾತು ಹೋಗಿದೆ' ಎಂದು ಬರೆದರೆ ಅದು ಅರ್ಧ ಪರೀಕ್ಷೆ.

ಅಳತೆಗೋಲಿನ ವಿಮರ್ಶೆ

ಕನ್ನಡದಲ್ಲಿ ಪರೀಕ್ಷೆಗಳೇ ಇಲ್ಲವೆಂದಲ್ಲ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸದ ತವರು. ಪ್ರತಿಭಾ ಕಾರಂತರು ಕನ್ನಡದ ಧ್ವನಿ, ವಾಕ್ಯ, ಅರ್ಥಗಳನ್ನು ಅಳೆಯುವ 'ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್' ರೂಪಿಸಿದರು. ಆಂಡ್ರ್ಯೂ ಕರ್ಟೆಸ್ ಅವರ 'ವೆಸ್ಟರ್ನ್ ಅಫೇಸಿಯಾ ಬ್ಯಾಟರಿ'ಗೆ ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ 2008ರಲ್ಲಿ ಕನ್ನಡ ರೂಪ ಕೊಟ್ಟರು. ಇವು ನಿಜವಾದ ಸಾಧನೆಗಳು. ನನ್ನ ತಕರಾರು ಪರೀಕ್ಷೆಗಳ ಮೇಲಲ್ಲ, 'ಕನ್ನಡ' ಎಂಬ ಪದವನ್ನು ಒಂದೇ ರೂಪವೆಂದು ಹಿಡಿದು ಅವುಗಳನ್ನು ಬಳಸುವ ಅಭ್ಯಾಸದ ಮೇಲೆ.

ದೇವದುರ್ಗದ ಹಳ್ಳಿಯ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಬಾಚಣಿಗೆ ತೋರಿಸಿದರೆ ಆಕೆ 'ಹಣಿಗಿ' ಎನ್ನುತ್ತಾಳೆ. ಪೊರಕೆ ತೋರಿಸಿದರೆ 'ಬಾರಿಗಿ'. 'ಅವನು ಹೋಗಿದ್ದಾನೆ' ಎಂಬುದನ್ನು ಮರುನುಡಿಯಲು ಹೇಳಿದರೆ 'ಆಂವ ಹೋಗ್ಯಾನ' ಎನ್ನುತ್ತಾಳೆ. ಇದು ಮಿದುಳಿನ ಗಾಯವಲ್ಲ, ಆಕೆಯ ಊರು. ಉತ್ತರಪತ್ರಿಕೆಯಲ್ಲಿ ಮೈಸೂರು ಕಡೆಯ ರೂಪವನ್ನಷ್ಟೇ ಸರಿಯೆಂದು ಹಿಡಿದರೆ ಅಂಕ ಹೋಗುತ್ತದೆ. ಕರ್ಟೆಸ್ ಅವರ ಮೂಲ ಪರೀಕ್ಷೆಯಲ್ಲಿ 100ಕ್ಕೆ 93.8ಕ್ಕಿಂತ ಕಡಿಮೆ ಬಂದರೆ ಅಫೇಸಿಯಾ ಎನ್ನುತ್ತಾರೆ. ಹೆಸರಿಸುವಲ್ಲಿ ಒಂದಿಷ್ಟು, ಮರುನುಡಿಯುವಲ್ಲಿ ಒಂದಿಷ್ಟು ಹೋದರೆ ಆ ಆರು ಅಂಕಗಳು ಕರಗಲು ಹೊತ್ತು ಬೇಕಿಲ್ಲ.

ವ್ಯಾಕರಣದ ವಿಷಯ ಇನ್ನೂ ಸೂಕ್ಷ್ಮ. ಇಂಗ್ಲಿಷ್ ಮಾತಾಡುವ ಬ್ರೋಕಾ ಮಾದರಿಯ ರೋಗಿ ಪದದ ಕೊನೆಯ ಪ್ರತ್ಯಯ ಬಿಡುತ್ತಾನೆ. ಬಿಟ್ಟರೂ ಉಳಿದದ್ದು ಒಂದು ಪದವೇ. ಕನ್ನಡದಲ್ಲಿ 'ಹೋದ್' ಎಂಬಷ್ಟೇ ಭಾಗ ಪದವಾಗಿ ನಿಲ್ಲದು. ಹೀಗೆ ಪ್ರತ್ಯಯಗಳು ಹೇರಳವಾಗಿರುವ ಭಾಷೆಗಳಲ್ಲಿ ಪ್ರತ್ಯಯ ಬಿಟ್ಟುಹೋಗುವುದಕ್ಕಿಂತ ಅದಲುಬದಲಾಗುವುದು ಹೆಚ್ಚು: 'ಹುಡುಗಿ ಹೋದನು' ಎಂಬಂತೆ. ಈಗ ಮಾನ್ವಿ ಕ್ಯಾಂಪಿನ ತೆಲುಗು ಮನೆಮಾತಿನ ಹಿರಿಯರೊಬ್ಬರು 'ಆಕೆ ಬಂತು' ಎಂದರೆ ಏನು ಬರೆಯುತ್ತೀರಿ? ತೆಲುಗಿನ ಏಕವಚನದಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಕ್ರಿಯಾಪದದ ರೂಪ ಒಂದೇ. ಅವರು ಆರೋಗ್ಯವಾಗಿದ್ದಾಗಲೂ ಹಾಗೆಯೇ ಆಡುತ್ತಿದ್ದಿರಬಹುದು. ಇದನ್ನು ತಿಳಿಯಲು ಸ್ಕ್ಯಾನ್ ಬೇಡ. 'ಮೊದಲು ಹೆಂಗ ಮಾತಾಡ್ತಿದ್ರು?' ಎಂದು ಮನೆಯವರನ್ನು ಕೇಳಿದರೆ ಸಾಕು.

ಓದುವ ಪರೀಕ್ಷೆಯೂ ಅಷ್ಟೇ. ಕನ್ನಡ ಬಹುಮಟ್ಟಿಗೆ ಬರೆದಂತೆ ಓದುವ ಲಿಪಿ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಉರ್ದು ಶಾಲೆಯಲ್ಲಿ ಕಲಿತವರಿಗೆ ಕನ್ನಡ ಪದಪಟ್ಟಿ ಕೊಟ್ಟರೆ ಅಳೆದದ್ದು ಏನು? 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ 60%ರ ಆಸುಪಾಸು. ಶಾಲೆಗೇ ಹೋಗದವರ ಓದನ್ನು ಪರೀಕ್ಷಿಸುವ ಮಾತೇ ಇಲ್ಲ.

ಹೈದರಾಬಾದಿನ ಪಾಠ

ನಮ್ಮಂಥದೇ ಬಹುಭಾಷಾ ವಾತಾವರಣದ ಹೈದರಾಬಾದಿನಿಂದ ಎರಡು ಮುಖ್ಯ ಅಧ್ಯಯನಗಳು ಬಂದಿವೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 608 ಪಾರ್ಶ್ವವಾಯು ರೋಗಿಗಳಿದ್ದರು. ಬುದ್ಧಿಶಕ್ತಿ ಸಹಜವಾಗಿ ಉಳಿದವರು ದ್ವಿಭಾಷಿಕರಲ್ಲಿ 40.5%, ಏಕಭಾಷಿಕರಲ್ಲಿ 19.6%.

'ಎರಡು ಭಾಷೆ ಕಲಿತರೆ ಮಿದುಳಿಗೆ ರಕ್ಷೆ' ಎಂಬ ತಲೆಬರಹಕ್ಕೆ ಇಷ್ಟು ಸಾಕು. ವಿಜ್ಞಾನ ಓದುವ ನಿಮಗೆ ಸಾಲದು. ಇವು ಆಸ್ಪತ್ರೆಗೆ ಬಂದವರ ಅಂಕಿಗಳು. ಇಲ್ಲಿರುವುದು ಸಂಬಂಧ, ಕಾರಣ ಸಿದ್ಧವಾಗಿಲ್ಲ. ಬೇರೆಡೆಯ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ. ಎರಡನೆಯ ಅಧ್ಯಯನದ ಇನ್ನೊಂದು ಫಲವನ್ನಂತೂ ಮರೆಯಬಾರದು: ಅಫೇಸಿಯಾ ಬಂದವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಹೆಚ್ಚು ಭಾಷೆ ಬಲ್ಲವರು ಭಾಷೆ ಕಳೆದುಕೊಳ್ಳುವುದಿಲ್ಲ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ.

ನೀವು ಮಾಡಬಹುದಾದದ್ದು

ತರಗತಿಯಲ್ಲಿ ಆ ಚಿತ್ರವನ್ನು ಬಿಡಿಸಿ. ಜೊತೆಗೆ ಒಂದು ಪ್ರಶ್ನೆಯನ್ನೂ ಬರೆಯಿರಿ: 'ಈ ಮಿದುಳಿನ ಮನೆಮಾತು ಯಾವುದು?' ಒಂದೇ ವಸ್ತುವಿಗೆ ತಮ್ಮ ಮನೆಗಳಲ್ಲಿರುವ ಹೆಸರುಗಳನ್ನು ಮಕ್ಕಳಿಂದ ಪಟ್ಟಿ ಮಾಡಿಸಿ. ರಾಯಚೂರು ಕನ್ನಡಕ್ಕೆ ಹೊಂದುವ ಪರೀಕ್ಷೆ ಬೇಕೆಂದರೆ ಮೊದಲ ಸಾಮಗ್ರಿ ಅದೇ.

ಇನ್ನೊಂದು ಮಾತು, ತುರ್ತಿನದು. ಇದ್ದಕ್ಕಿದ್ದಂತೆ ಮಾತು ನಿಂತರೆ, ಅರ್ಥವಿಲ್ಲದ ಮಾತು ಹರಿದರೆ, ಬಾಯಿ ಸೊಟ್ಟಾದರೆ, ಒಂದು ಕೈ ಸೋತರೆ ಅದನ್ನು ಗಾಳಿ ಸೋಂಕು, ಹುಚ್ಚು ಎಂದು ಕಾಯುತ್ತ ಕೂರಬಾರದು. ರಕ್ತನಾಳದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ದೇವದುರ್ಗ, ಮಾನ್ವಿಗಳಿಂದ ರಾಯಚೂರು ಐವತ್ತು ಕಿಲೋಮೀಟರಿನ ಆಸುಪಾಸು. ಹಳ್ಳಿಯಿಂದ ತಾಲ್ಲೂಕಿಗೆ ಬರುವ ಹೊತ್ತು ಬೇರೆ. ಆ ನಾಲ್ಕೂವರೆ ಗಂಟೆಯಲ್ಲಿ ಒಂದನ್ನೂ ಕಳೆಯುವಂತಿಲ್ಲ. ರೋಗಿಯ ಜೊತೆ ಹೋಗುವವರು, ಕೊನೆಯ ಬಾರಿ ಅವರು ಸರಿಯಾಗಿ ಮಾತಾಡಿದ ಸಮಯವನ್ನೂ ಅವರು ಬಲ್ಲ ಭಾಷೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಸಮಯ ಅಂದಿನ ಚಿಕಿತ್ಸೆಗೆ, ಭಾಷೆಗಳ ಪಟ್ಟಿ ಮುಂದಿನ ತಿಂಗಳುಗಳ ವಾಕ್ ಚಿಕಿತ್ಸೆಗೆ.