ಆಪ್-ಆಂಪ್ ಚಿತ್ರದಲ್ಲಿ ಕಾಣದ ಎರಡು ತಂತಿಗಳು

ಆಪರೇಷನಲ್ ಆಂಪ್ಲಿಫೈಯರ್ ಎಂದೊಡನೆ ಪ್ರಯೋಗ ಕೈಪಿಡಿಗಳು ಒಂದು ತ್ರಿಕೋನ ಬರೆಯುತ್ತವೆ. ಎಡಕ್ಕೆ ಎರಡು ಇನ್‌ಪುಟ್, ಬಲಕ್ಕೆ ಒಂದು ಔಟ್‌ಪುಟ್. ಅದಕ್ಕೆ ವಿದ್ಯುತ್ ಎಲ್ಲಿಂದ ಬರಬೇಕೆಂದು ಎಷ್ಟೋ ಚಿತ್ರಗಳು ತೋರಿಸುವುದೇ ಇಲ್ಲ; ತೋರಿಸಿದರೂ ±15 ವೋಲ್ಟ್ ಎಂದು ಬರೆದು ಮುಂದೆ ಸಾಗುತ್ತವೆ. ಹದಿನೈದೇ ಏಕೆ? ಪುಸ್ತಕ ಹೇಳುವುದಿಲ್ಲ, ವಿದ್ಯಾರ್ಥಿ ಕೇಳುವುದಿಲ್ಲ.

ಫೇರ್‌ಚೈಲ್ಡ್ ಕಂಪನಿ 1968ರಲ್ಲಿ ಹೊರತಂದ 741 ಐಸಿಗೆ ಆ ಪೂರೈಕೆ ಒಪ್ಪುತ್ತದೆ, ನಿಜ. ಅದೇ ಐಸಿಯನ್ನು ಮೈಕ್ರೊಕಂಟ್ರೋಲರ್ ಬೋರ್ಡಿನ 5 ವೋಲ್ಟಿಗೆ ಜೋಡಿಸಿದಾಗ ತೊಂದರೆ ಶುರು.

ಎಲ್ಎಂ35 ಉಷ್ಣತಾ ಸಂವೇದಕವನ್ನೇ ನೋಡಿ. ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟಿನಂತೆ 30 ಡಿಗ್ರಿಗೆ ಅದು ಕೊಡುವುದು 0.3 ವೋಲ್ಟ್. ಹತ್ತು ಪಟ್ಟು ವರ್ಧಿಸಿದರೆ 3 ವೋಲ್ಟ್. ಕಾಗದದ ಮೇಲೆ ಲೆಕ್ಕ ಸರಿ. ಈಗ 741ರ 7ನೇ ಕಾಲಿಗೆ 5 ವೋಲ್ಟ್ ಕೊಟ್ಟು, 4ನೇ ಕಾಲನ್ನು ಸೊನ್ನೆಗೆ ಸೇರಿಸೋಣ. ±15 ವೋಲ್ಟ್ ಪೂರೈಕೆ ಇದ್ದಾಗಲೂ ಇದರ ಇನ್‌ಪುಟ್‌ಗೆ ತಯಾರಕರು ಖಾತರಿ ಕೊಡುವ ವ್ಯಾಪ್ತಿ ±12 ಮಾತ್ರ. ಅಂದರೆ ಮೇಲೆ ಮೂರು, ಕೆಳಗೆ ಮೂರು ವೋಲ್ಟ್ ಬಿಡಬೇಕು. ಇರುವ ಐದರಲ್ಲಿ ಆರನ್ನು ಬಿಡುವುದೆಂತು? ಸಂವೇದಕದ 0.3 ವೋಲ್ಟ್ ಬೀಳುವುದೇ ಆ ನಿಷಿದ್ಧ ಅಂಚಿನೊಳಗೆ. ಮೀಟರು ಏನೋ ಒಂದು ಅಂಕಿ ತೋರಿಸುತ್ತದೆ. ಕೂಡಲೇ "ಐಸಿ ಸುಟ್ಟಿದೆ" ಎಂಬ ತೀರ್ಪು. ಚೆನ್ನಾಗಿದ್ದ ಐಸಿ ಕಸದ ಬುಟ್ಟಿಗೆ!

ಇಲ್ಲಿ ಬೇಕಾದದ್ದು ಎಲ್ಎಂ358. 3ರಿಂದ 32 ವೋಲ್ಟ್‌ವರೆಗಿನ ಒಂದೇ ಪೂರೈಕೆ ಅದಕ್ಕೆ ಸಾಕು. ಇನ್‌ಪುಟ್ ಸೊನ್ನೆಯವರೆಗೂ ಇಳಿಯಬಹುದು. ಆದರೆ ಔಟ್‌ಪುಟ್ ಪೂರೈಕೆಗಿಂತ ಸುಮಾರು 1.5 ವೋಲ್ಟ್ ಕೆಳಗೇ ನಿಲ್ಲುತ್ತದೆ. 5 ವೋಲ್ಟಿನಲ್ಲಿ ಸಿಗುವುದು 3.5, ಅಂದರೆ 35 ಡಿಗ್ರಿಯವರೆಗಿನ ಅಳತೆ. ಕಲಬುರಗಿಯ ಬೇಸಿಗೆಗೆ ಇದು ಸಾಲದು. ವರ್ಧನೆಯನ್ನು ಆರಕ್ಕೆ ಇಳಿಸಿದರೆ 50 ಡಿಗ್ರಿಗೂ 3 ವೋಲ್ಟ್; ಪೂರೈಕೆ ಬದಲಿಸಬೇಕಿಲ್ಲ.

ನಮ್ಮ ಆಕ್ಷೇಪ 741ರ ಮೇಲಲ್ಲ, ಕಲಿಸುವ ಕ್ರಮದ ಮೇಲೆ. ಸಂಕೇತ ಎಲ್ಲಿಂದ ಎಲ್ಲಿಯವರೆಗೆ ಏರಿಳಿಯುತ್ತದೆ ಎಂಬುದು ಮೊದಲ ಪ್ರಶ್ನೆಯಾಗಬೇಕು. ಐಸಿ, ವೋಲ್ಟೇಜುಗಳ ಆಯ್ಕೆ ಆಮೇಲೆ. ವೋಲ್ಟ್ ಹೆಚ್ಚಿದ್ದರೆ ಕ್ಷೇಮ ಎಂಬ ಭಾವನೆಯೂ ತಪ್ಪು. 12-0-12 ಟ್ರಾನ್ಸ್‌ಫಾರ್ಮರನ್ನು ರೆಗ್ಯುಲೇಟರ್ ಇಲ್ಲದೆ ಬಳಸಿದರೆ ಪ್ರತಿ ಬದಿಯ ಶಿಖರ ಬೆಲೆ ಸುಮಾರು 17 ವೋಲ್ಟ್. ಸಾಮಾನ್ಯ 741ರ ಗರಿಷ್ಠ ಮಿತಿ ±18. ಮನೆಯ ವಿದ್ಯುತ್ ಒಂದಿಷ್ಟು ಏರಿದರೆ ಆಗ ಐಸಿ ನಿಜಕ್ಕೂ ಸುಡಬಹುದು. 7812, 7912 ರೆಗ್ಯುಲೇಟರುಗಳನ್ನು ಹಾಕಿದರೆ ±12 ಸಿಗುತ್ತದೆ. ಕಾಲೇಜಿನ ಬಹುಪಾಲು ಪ್ರಯೋಗಗಳಿಗೆ ಅಷ್ಟು ಸಾಕು.