ಬೇರೆಯವರು ಬರೆದಿಟ್ಟ ಹೆಸರು

ಗುರುತಿಲ್ಲದ ನಂಬರಿನಿಂದ ಫೋನ್ ಬಂದಾಗ, ಎತ್ತುವ ಮೊದಲೇ ಅದು ಯಾರದೆಂದು ತಿಳಿಯಬೇಕೆನಿಸುವುದು ಸಹಜ. ಟ್ರೂಕಾಲರ್ ಆ್ಯಪ್ ಬೆಳೆದಿರುವುದೇ ಈ ಆಸೆಯ ಮೇಲೆ. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಈ ಸೇವೆಗೆ ಇಂದು ಎಲ್ಲಕ್ಕಿಂತ ದೊಡ್ಡ ಮಾರುಕಟ್ಟೆ ಭಾರತ. ಸಾಲ ಬೇಕೇ ಎನ್ನುವವರು, ಸೈಟು ಮಾರುವವರು, ಕೆವೈಸಿಯ ನೆಪದಲ್ಲಿ ಒಟಿಪಿ ಕೇಳುವವರು ಹೊತ್ತುಗೊತ್ತಿಲ್ಲದೆ ಕಾಡುವ ದೇಶದಲ್ಲಿ ಅದು ಹಬ್ಬಿದ್ದು ಅಚ್ಚರಿಯಲ್ಲ. ಹಲವರು ಸ್ಪ್ಯಾಮ್ ಎಂದು ದೂರಿದ ನಂಬರು ಪರದೆಯ ಮೇಲೆ ಕೆಂಪಗೆ ಮೂಡಿದರೆ ಅದು ನಿಜವಾದ ಉಪಕಾರ. ನನ್ನ ತಕರಾರು ಅದರ ಇನ್ನೊಂದು ಕೆಲಸದ ಬಗ್ಗೆ: ನಂಬರಿಗೊಂದು ಹೆಸರು ಅಂಟಿಸಿ, ಕರೆ ಮಾಡುತ್ತಿರುವವರು ಇವರೇ ಎಂದು ನಂಬಿಸುವ ಕೆಲಸ. ಎಚ್ಚರಿಕೆ ಕೊಡುವುದಕ್ಕೆ ನಾಲ್ಕು ಜನರ ಮಾತು ಸಾಕು. ಗುರುತು ಹೇಳುವುದಕ್ಕೆ ಸಾಲದು.

ಆ ಹೆಸರು ಬರುವುದು ಎಲ್ಲಿಂದ? ಬಳಕೆದಾರರು ತಾವೇ ಕೊಟ್ಟುಕೊಂಡ ಹೆಸರುಗಳಿಂದ, ಇತರರು ಸೂಚಿಸಿದ ಹೆಸರುಗಳಿಂದ, ಮತ್ತು ಇಂಥ ಹಲವು ಸೇವೆಗಳಲ್ಲಿ, ಅನುಮತಿ ಕೊಟ್ಟವರ ಫೋನ್‌ಬುಕ್ಕಿನಿಂದ. ನಮ್ಮ ಫೋನ್‌ಬುಕ್ಕಿನಲ್ಲಿ ನಾವು ಬರೆದುಕೊಳ್ಳುವುದು ನಮ್ಮ ನೆನಪಿಗಾಗಿ: ‘ಪ್ಲಂಬರ್ ಮಂಜು’, ‘ಹಾಲಿನವರು’, ‘ಶಾಂತಕ್ಕ ಅಡುಗೆ’. ಕೆಲವೊಮ್ಮೆ ಜಾತಿ, ಕೆಲವೊಮ್ಮೆ ಬೈಗುಳ. ಒಬ್ಬರ ಫೋನಿನೊಳಗೆ ಇರುವವರೆಗೆ ಇದು ಖಾಸಗಿ ಗುರುತು. ಅದೇ ಅಪರಿಚಿತರ ಪರದೆಯ ಮೇಲೆ ಮೂಡಿದಾಗ ಆ ವ್ಯಕ್ತಿಯ ಸಾರ್ವಜನಿಕ ಪರಿಚಯವಾಗಿಬಿಡುತ್ತದೆ. ಅದು ತಪ್ಪಾಗುವುದಕ್ಕೂ ದಾರಿಗಳು ಅನೇಕ. ನಮ್ಮಲ್ಲಿ ಬಳಕೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಹಳಬರ ಹೆಸರು, ಅವರ ಮೇಲಿನ ದೂರು ಹೊಸಬರ ಬೆನ್ನು ಹತ್ತುತ್ತವೆ. ವಂಚಕರಿಗೆ ಪೊಲೀಸ್ ಅಧಿಕಾರಿಯದೋ ಬ್ಯಾಂಕಿನದೋ ಹೆಸರಿಟ್ಟುಕೊಂಡು ನೋಂದಾಯಿಸಿಕೊಳ್ಳುವುದು ಕಷ್ಟವಲ್ಲ. ಪರದೆಗೆ ಬರುವ ನಂಬರನ್ನೇ ನಕಲು ಮಾಡುವ ತಂತ್ರವೂ ಉಂಟು. ಆಗ ಏನೂ ಅರಿಯದ ಯಾರದೋ ಹೆಸರು ಕಳ್ಳನ ಹೆಸರಾಗಿ ಕಾಣುತ್ತದೆ.

ಇದೆಲ್ಲ ಬಳಕೆದಾರರ ಒಪ್ಪಿಗೆಯಿಂದಲೇ ನಡೆಯುತ್ತದೆ ಎಂಬ ಸಮರ್ಥನೆ ಇದೆ. ನಿಜ, ಆದರೆ ಒಪ್ಪಿದವರು ಯಾರು? ಆ್ಯಪ್ ಹಾಕಿಕೊಂಡವರು. ಹೆಸರು ಹೋದದ್ದು ಮಾತ್ರ ಅದನ್ನು ಎಂದೂ ಹಾಕಿಕೊಳ್ಳದವರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಮತ್ತು ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ಹೊರಗಿಟ್ಟಿದೆ. ನಾನು ನಿಮ್ಮ ನಂಬರು ಬರೆದಿಟ್ಟುಕೊಂಡರೆ ತಪ್ಪಿಲ್ಲ. ಅದನ್ನೇ ಒಂದು ಕಂಪನಿ ಒಟ್ಟುಗೂಡಿಸಿ ವ್ಯಾಪಾರಕ್ಕಿಟ್ಟಾಗ ಅದು ಮನೆಬಳಕೆಯಾಗಿ ಉಳಿಯುವುದಿಲ್ಲ. ಬೇಡವಾದವರು ಹೆಸರು ತೆಗೆಸಿಕೊಳ್ಳಬಹುದಲ್ಲ ಎನ್ನುತ್ತಾರೆ. ತನ್ನ ಹೆಸರು ಅಲ್ಲಿದೆ ಎಂದೇ ತಿಳಿಯದ ಹಳ್ಳಿಯ ಮುದುಕಿ ಅದನ್ನು ತೆಗೆಸುವುದು ಹೇಗೆ? ಕೇಳಿ ಸೇರಿಸುವ ಹೊಣೆ ಸೇರಿಸುವವರದು.

ಹಿಂದೆ ಟೆಲಿಫೋನ್ ಡೈರೆಕ್ಟರಿ ಇರಲಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಅದರಲ್ಲಿ ಚಂದಾದಾರರು ತಾವೇ ಕೊಟ್ಟ ಹೆಸರಿತ್ತು, ಮತ್ತು ಹೆಸರು ಹಿಡಿದು ನಂಬರು ಹುಡುಕಬೇಕಿತ್ತು. ಹೆಚ್ಚು ತೂಕದ ಮಾತು ಹೆಣ್ಣುಮಕ್ಕಳದು: ರಾತ್ರಿ ಹೊತ್ತು ಫೋನ್ ಮಾಡಿ ಪೀಡಿಸುವವನ ಹೆಸರು ತಿಳಿದರೆ ಧೈರ್ಯ ಬರುತ್ತದೆ. ಇದನ್ನು ತಳ್ಳಿಹಾಕಲಾಗದು. ಆದರೆ ಕೆಲಸದ ಮೇಲೆ ಒಮ್ಮೆ ಫೋನ್ ಮಾಡಿದ ಹೆಣ್ಣುಮಗಳ ಪೂರ್ತಿ ಹೆಸರು ಪೀಡಿಸುವವನ ಕೈಗೆ ಸಿಗುವುದೂ ಇದೇ ಸೇವೆಯಿಂದ. ಆ ಹೆಸರು ಹಿಡಿದು ಫೇಸ್‌ಬುಕ್‌ನಲ್ಲಿ ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಡ.

ಸರ್ಕಾರದ ಕಡೆಯಿಂದಲೂ ಒಂದು ದಾರಿ ಮೂಡಿದೆ. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಕೊಟ್ಟ ಹೆಸರನ್ನೇ ಮೊಬೈಲ್ ಕಂಪನಿಗಳು ತೋರಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಫೋನ್‌ಬುಕ್ಕಿನ ಹೆಸರಿಗಿಂತ ಇದು ಮೇಲು, ದಾಖಲೆಯಾದರೂ ಇರುತ್ತದೆ. ಆದರೂ ಗಂಡನ ಹೆಸರಿನ ಸಿಮ್ ಹೆಂಡತಿಯ ಕೈಯಲ್ಲಿ, ಅಪ್ಪನದು ಮಗಳ ಕೈಯಲ್ಲಿ ಇರುವುದು ನಮ್ಮ ಮನೆಗಳ ವಾಡಿಕೆ. ವಂಚಕರು ಬಳಸುವುದಂತೂ ಬೇರೆಯವರ ಹೆಸರಿನ ಸಿಮ್‌ಗಳನ್ನೇ. ಇದಕ್ಕಿಂತ ನನಗೆ ಹಿಡಿಸಿದ್ದು ನಂಬರಿನಲ್ಲೇ ಗುರುತಿಡುವ ಕ್ರಮ. ಬ್ಯಾಂಕುಗಳು ವಹಿವಾಟಿನ ಕರೆಗಳನ್ನು 1600ರ ಸರಣಿಯಿಂದ, ಪ್ರಚಾರದ ಕರೆಗಳನ್ನು 140ರ ಸರಣಿಯಿಂದ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿತು. ಇಲ್ಲಿ ಗುರುತು ತೋರಿಸುವ ಹೊರೆ ಜನರಿಗೆ ಫೋನ್ ಮಾಡುವ ಸಂಸ್ಥೆಯ ಮೇಲಿದೆ, ಯಾವ ಖಾಸಗಿ ವ್ಯಕ್ತಿಯ ಹೆಸರೂ ಬಯಲಾಗುವುದಿಲ್ಲ.

ಹೆಸರು ಹುಡುಕುವ ಸೇವೆಗಳು ಸ್ಪ್ಯಾಮ್ ಎಚ್ಚರಿಕೆಯನ್ನು ಉಳಿಸಿಕೊಂಡು, ಹೆಸರನ್ನು ಅದರ ಒಡೆಯರು ಒಪ್ಪಿದರೆ ಮಾತ್ರ ತೋರಿಸಲಿ. ಓದುಗರು ಇಂಥ ಯಾವ ಆ್ಯಪ್‌ಗೂ ತಮ್ಮ ಫೋನ್‌ಬುಕ್ ತೆರೆದುಕೊಡದಿರಲಿ. ಅದರಲ್ಲಿರುವುದು ಬೇರೆಯವರ ಹೆಸರು. ಪರದೆಯ ಮೇಲೆ ಬ್ಯಾಂಕಿನ ಹೆಸರು ಮೂಡಿದರೂ ಫೋನ್ ಇಟ್ಟು, ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ನೀವೇ ಮಾಡಿ ವಿಚಾರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.